ಚಿಕಿತ್ಸಾ ಕೇಂದ್ರಕ್ಕೆ ಬರುವವರು ಎಂಥ ಮನೆಯವರು?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಅಡಿಕೆ ತೋಟ ಇದೆ. ಮನೆಯಲ್ಲಿ ಯಾರೂ ಬೀಡಿ ಕೂಡ ಸೇದಿದವರಲ್ಲ. ಹೊರಗೆ ಹಾಸ್ಟೆಲಿನಲ್ಲಿ ಓದುವ ಮಗನಿಗೆ ಗಾಂಜಾ ಅಭ್ಯಾಸ ಆಗಿದೆ ಅಂತ ಮೊನ್ನೆ ಗೊತ್ತಾಯಿತು. ಬಿಡಿಸುವ ಕೇಂದ್ರಗಳಿಗೆ ಬರುವವರು ಎಂಥ ಮನೆಯವರು? ನಮ್ಮಂಥವರು ಅಲ್ಲಿಗೆ ಹೋಗುವುದು ಸರಿಯಾ?

ಉತ್ತರ: ಹೋಗಿ ಅಮ್ಮ, ಧೈರ್ಯವಾಗಿ ಹೋಗಿ. ಈ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ತುಂಬ ಜನ ಕೇಳುತ್ತಾರೆ. ನಮ್ಮ ಮನೆಯಲ್ಲೂ ಕೇಳಿದ್ದೆವು.

ಚಿಕ್ಕಪ್ಪನನ್ನು ಕುಡಿತ ಬಿಡಿಸಲು ಮಂಗಳೂರಿಗೆ ಸೇರಿಸಿದ್ದಾಗ ನಾನು ಜೊತೆಗಿದ್ದೆ. ಹೊರಗಿನ ಬೆಂಚಿನಲ್ಲಿ ಉಪ್ಪಳದ ಕಡೆಯ ಬೀಡಿ ಕಟ್ಟುವ ಹೆಂಗಸು, ನಿವೃತ್ತ ಮೇಷ್ಟ್ರೊಬ್ಬರ ಹೆಂಡತಿ, ಗಲ್ಫಿನಿಂದ ರಜೆ ಹಾಕಿ ಬಂದ ಒಬ್ಬ ತಂದೆ. ಮೊದಲ ದಿನ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮೂರನೆಯ ದಿನ ಒಂದೇ ಫ್ಲಾಸ್ಕಿನ ಚಹಾ ಹಂಚಿಕೊಂಡೆವು. ಚಟಕ್ಕೆ ಜಾತಿ, ಆಸ್ತಿ ಯಾವುದೂ ಅಡ್ಡ ಬರುವುದಿಲ್ಲ ಅಂತ ನನಗೆ ಅರ್ಥವಾದದ್ದು ಆ ಬೆಂಚಿನಲ್ಲಿ.

ಹಾಗಂತ ಮನೆಯ ಸ್ಥಿತಿಗೆ ಏನೂ ಸಂಬಂಧ ಇಲ್ಲ ಅಂತಲ್ಲ. ಏನು ಕೈಗೆ ಸಿಗುತ್ತದೆ, ಯಾವಾಗ ಚಿಕಿತ್ಸೆಗೆ ಬರುತ್ತಾರೆ ಎಂಬುದರಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಇಡೀ ದಿನ ಮೈಮುರಿದು ದುಡಿಯುವವರು ಸಂಜೆ ಮೈನೋವಿಗೆ ಅಂತ ಕುಡಿಯಲು ಶುರು ಮಾಡುತ್ತಾರೆ. ಕೇರಳದ ಈ ನಮ್ಮ ಗಡಿಯಲ್ಲಿ ಕರ್ನಾಟಕದ ಅಗ್ಗದ ಮದ್ಯದ ಪ್ಯಾಕೆಟು ಕಳ್ಳದಾರಿಯಲ್ಲಿ ಬರುತ್ತದೆ, ಅದು ನಿಮಗೂ ಗೊತ್ತಿರುತ್ತದೆ. ಕಾಲೇಜು ಹುಡುಗರ ಕೈಗೆ ಗಾಂಜಾ, ಎಂಡಿಎಂಎ ಅನ್ನುವ ರಾಸಾಯನಿಕ ಡ್ರಗ್ಸ್ ಸಿಗುತ್ತದೆ, ಹೆಚ್ಚಾಗಿ ಗೆಳೆಯರಿಂದಲೇ. ಅಂಟು, ಪೆಟ್ರೋಲಿನಂಥ ವಾಸನೆ ಎಳೆಯುವ ಚಟ ಮಾತ್ರ ದೊಡ್ಡವರಿಗಿಂತ ಮಕ್ಕಳಲ್ಲೇ ಜಾಸ್ತಿ. ಬಹಳ ಜನರಿಗೆ ಚಟ ಒಂದೇ ಇರುವುದಿಲ್ಲ. ಕುಡಿಯುವವರ ಜೇಬಿನಲ್ಲಿ ಬೀಡಿಯೋ ತಂಬಾಕೋ ಇದ್ದೇ ಇರುತ್ತದೆ.

ಡ್ರಗ್ಸ್ ಅಂದ ಕೂಡಲೇ ನಾವು ಬೆಚ್ಚಿಬೀಳುತ್ತೇವೆ. ಆದರೆ ದೇಶದಲ್ಲಿ ಅತಿ ಹೆಚ್ಚು ಮನೆ ಕೆಡಿಸಿರುವುದು ಮದ್ಯವೇ. ಕೇಂದ್ರ ಸರಕಾರಕ್ಕಾಗಿ ದೆಹಲಿಯ ಏಮ್ಸ್ ಆಸ್ಪತ್ರೆ ನಡೆಸಿದ ಸಮೀಕ್ಷೆ 2019ರಲ್ಲಿ ಹೊರಬಂತು. ಅದರ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಕುಡಿಯುತ್ತಾರೆ. ಗಾಂಜಾ, ಭಂಗಿ ಬಳಸುವವರು ಸುಮಾರು 3.1 ಕೋಟಿ. ಮದ್ಯದ ಚಟ ಗಟ್ಟಿಯಾಗಿ ಹಿಡಿದವರಲ್ಲಿ 38 ಮಂದಿಗೆ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ.

ಈ ಕೊನೆಯ ಮಾತನ್ನು ಸ್ವಲ್ಪ ಯೋಚಿಸಿ. ವಾರ್ಡಿನಲ್ಲಿ ಕಾಣುವುದು ಆ ಒಬ್ಬರು. ಉಳಿದ 37 ಮಂದಿ ಮನೆಯಲ್ಲೇ ಇದ್ದಾರೆ. ಹಣವಿದ್ದವರು ಖಾಸಗಿ ರೂಮಿನಲ್ಲಿ 'ಗ್ಯಾಸ್ಟ್ರಿಕ್' ಅಂತ ಹೇಳಿ ಮಲಗುತ್ತಾರೆ. ಹೆಂಗಸರಂತೂ ಮರ್ಯಾದೆಗೆ ಅಂಜಿ ಬಾಗಿಲು ದಾಟುವುದೇ ಕಷ್ಟ. ವರ್ಷಗಟ್ಟಲೆ ಕುಡಿದು, ಕೆಲಸ ಹೋಗಿ, ಮನೆಯವರು ಎಳೆದು ತಂದ ಗಂಡಸರೇ ವಾರ್ಡಿನಲ್ಲಿ ಹೆಚ್ಚು ಕಾಣುತ್ತಾರೆ. ಅವರನ್ನು ನೋಡಿ 'ನನ್ನ ಮಗ ಇವರಂತಲ್ಲ' ಅಂತ ನಿಮಗೆ ಅನಿಸಬಹುದು. ಅವರಲ್ಲೂ ಎಷ್ಟೋ ಮಂದಿ ಹದಿಹರೆಯದಲ್ಲೇ ಶುರು ಮಾಡಿದವರು. ಅವರು ತಡವಾಗಿ ಬಂದರು, ನಿಮ್ಮ ಮಗ ಬೇಗ ಬರುತ್ತಿದ್ದಾನೆ, ಅಷ್ಟೇ ವ್ಯತ್ಯಾಸ.

'ಮನೆಯಲ್ಲಿ ಯಾರೂ ಸೇದಿದವರಲ್ಲ' ಅಂದಿರಿ. ರಕ್ತದಲ್ಲಿ ಬರುವ ಒಲವು ಇರುವುದು ನಿಜ. ಮದ್ಯದ ಚಟದಲ್ಲಿ ಅದರ ಪಾಲು ಹೆಚ್ಚುಕಡಿಮೆ ಅರ್ಧ ಅಂತ ಅಧ್ಯಯನಗಳು ಹೇಳುತ್ತವೆ. ಉಳಿದದ್ದು ಗೆಳೆಯರು, ಒಂಟಿತನ, ಮನಸ್ಸಿನ ಬೇಗೆ, ಸುಲಭವಾಗಿ ಕೈಗೆ ಸಿಗುವುದು. ಹಾಗಾಗಿ ಎಲ್ಲಿ ತಪ್ಪಿದೆವು ಅಂತ ನಿಮ್ಮನ್ನು ನೀವೇ ಚುಚ್ಚಿಕೊಳ್ಳಬೇಡಿ.

ಪೊಲೀಸ್ ಕೇಸಿನ ಭಯವೂ ಇರುತ್ತದೆ ಅಲ್ವಾ? 2017ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿ ಚಟದ ತೊಂದರೆಯೂ ಸೇರಿದೆ. ರೋಗಿಯ ವಿಷಯವನ್ನು ಗುಟ್ಟಾಗಿ ಇಡುವುದು ವೈದ್ಯರ ಕರ್ತವ್ಯ. 1985ರ ಮಾದಕ ವಸ್ತು ಕಾಯಿದೆಯ 64ಎ ಕಲಂ ಇನ್ನೊಂದು ಆಸರೆ. ಸಣ್ಣ ಪ್ರಮಾಣದ ಕೇಸಾದರೂ, ತಾನಾಗಿ ಚಿಕಿತ್ಸೆಗೆ ಒಪ್ಪಿದ ವ್ಯಸನಿಗೆ ಅದು ರಕ್ಷಣೆ ಕೊಡುತ್ತದೆ. ಆದರೆ ಚಿಕಿತ್ಸೆ ಪೂರ್ತಿ ಮಾಡಬೇಕು. ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ತಪ್ಪಿಹೋಗಬಹುದು.

ಕಾಸರಗೋಡು ಜಿಲ್ಲೆಯಲ್ಲಿ ಕೇರಳ ಅಬಕಾರಿ ಇಲಾಖೆಯ 'ವಿಮುಕ್ತಿ' ಯೋಜನೆಯ ಚಟ ಬಿಡಿಸುವ ಕೇಂದ್ರ ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿದೆ. ಮಲಯಾಳದಲ್ಲಿ ಮನಸ್ಸು ಬಿಚ್ಚಲು ಆಗದಿದ್ದರೆ ಮಂಗಳೂರು ಒಳ್ಳೆಯದು. ಚಟ ಬಿಡಿಸುವುದರಲ್ಲಿ ಮದ್ದಿನಷ್ಟೇ ಮಾತೂ ಮುಖ್ಯ. ತುಳುವಿನಲ್ಲೋ ಕನ್ನಡದಲ್ಲೋ ಅಳಲು ಆಗಬೇಕು. ಹೊರಡುವ ಮೊದಲು ಕೇಳುವುದಿದ್ದರೆ 14446 ಕೇಂದ್ರ ಸರಕಾರದ ಉಚಿತ ಸಹಾಯವಾಣಿ. ಮನಸ್ಸಿನ ತೊಂದರೆಗೆ ಟೆಲಿಮಾನಸ್ ಸಹಾಯವಾಣಿ 14416.

ಗಾಂಜಾ ಬಿಟ್ಟಾಗ ಒಂದೆರಡು ವಾರ ನಿದ್ದೆ ಬಾರದೆ, ಸಿಡುಕು ಹೆಚ್ಚಬಹುದು. ಜೀವಕ್ಕೆ ಅಪಾಯವಿಲ್ಲ. ಆದರೆ ಅವನು ದಿನಾ ಕುಡಿಯುವುದೂ ಇದ್ದರೆ ಮನೆಯಲ್ಲೇ ಒಮ್ಮೆಲೇ ನಿಲ್ಲಿಸಬೇಡಿ. ಒಂದೆರಡು ದಿನದಲ್ಲೇ ಫಿಟ್ಸ್ ಬರಬಹುದು. ಅದಕ್ಕೇ ಹೊರಡುವ ಮೊದಲು ಅವನ ಹತ್ತಿರ ಕೂತು, ಬೈಯದೆ, ಏನೇನು ತೆಗೆದುಕೊಳ್ಳುತ್ತಾನೆ, ಎಷ್ಟು, ಕೊನೆಗೆ ಯಾವಾಗ ಅಂತ ಕೇಳಿ ಬರೆದುಕೊಳ್ಳಿ. ಸಿಗರೇಟನ್ನೂ ಬರೆಯಿರಿ. ಆ ಚೀಟಿಯನ್ನು ವೈದ್ಯರ ಕೈಗೆ ಕೊಡಿ.