ಜ್ವರ ಬಿಟ್ಟಿತೆಂದು ಮಾತ್ರೆ ನಿಲ್ಲಿಸಬೇಡಿ

ಹೃದಯದ ಕವಾಟಕ್ಕೆ ಸೋಂಕು ತಗುಲಿದ ನಾಯಿಗೆ ಸರಿಯಾದ ಆ್ಯಂಟಿಬಯೋಟಿಕ್ ಬಿದ್ದರೆ ಕೆಲವೇ ದಿನಗಳಲ್ಲಿ ಜ್ವರ ಬಿಡಬಹುದು. ಬಟ್ಟಲಿಗೆ ಬಾಯಿ ಹಾಕುತ್ತದೆ, ಬಾಗಿಲಿಗೆ ಓಡಿ ಬರುತ್ತದೆ. ಎಷ್ಟೋ ಮನೆಗಳಲ್ಲಿ ಮಾತ್ರೆ ನಿಲ್ಲುವುದು ಆಗಲೇ.

ಸೋಂಕು ಕೂರುವುದು ಹೆಚ್ಚಾಗಿ ಹೃದಯದ ಎಡಭಾಗದ ಮೈಟ್ರಲ್ ಅಥವಾ ಅಯೋರ್ಟಿಕ್ ಕವಾಟದ ಮೇಲೆ. ಬ್ಯಾಕ್ಟೀರಿಯಾ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು, ಫೈಬ್ರಿನ್ ಎಂಬ ನಾರು ಒಟ್ಟುಗೂಡಿ ಹೂಕೋಸಿನಂಥ ಗಂಟು ಕಟ್ಟುತ್ತವೆ. ಗಂಟಿನೊಳಗೆ ರಕ್ತನಾಳಗಳಿಲ್ಲ. ಬಿಳಿ ರಕ್ತಕಣಗಳಿಗೆ ಒಳಗೆ ದಾರಿಯಿಲ್ಲ, ಔಷಧಿ ಹೊರಗಿನಿಂದ ನಿಧಾನವಾಗಿ ಇಂಗಬೇಕು. ಆಳದ ಬ್ಯಾಕ್ಟೀರಿಯಾಗಳು ಬೆಳವಣಿಗೆ ತಗ್ಗಿಸಿಕೊಂಡು ಕೂತಿರುತ್ತವೆ. ಬೆಳೆಯುವಾಗ ಕೊಲ್ಲುವ ಔಷಧಿಗಳಿಗೆ ಅವು ಸುಲಭಕ್ಕೆ ಸಿಗವು. ಜ್ವರ ಇಳಿದದ್ದು ರಕ್ತದಲ್ಲಿ ತೇಲುತ್ತಿದ್ದವು ಕಡಿಮೆಯಾದ್ದರಿಂದ, ಗಂಟು ಕರಗಿದ್ದರಿಂದಲ್ಲ. ಅದಕ್ಕೇ ಮೊದಲ ಒಂದೆರಡು ವಾರ ರಕ್ತನಾಳಕ್ಕೆ ಇಂಜೆಕ್ಷನ್, ಆಮೇಲೆ ಮಾತ್ರೆ, ಒಟ್ಟು ಕನಿಷ್ಠ 6ರಿಂದ 8 ವಾರ. ಕೆಲವಕ್ಕೆ ಇನ್ನೂ ಹೆಚ್ಚು.

ಕಾರಣ ತಿಳಿಯದ ಜ್ವರ, ಇವತ್ತೊಂದು ಕಾಲು ನಾಳೆ ಇನ್ನೊಂದು ಕಾಲು ಕುಂಟುವುದು, ವೈದ್ಯರಿಗೆ ಎದೆಯಲ್ಲಿ ಹೊಸದಾಗಿ ಕೇಳಿಸುವ ಮರ್ಮರ್ (ಹೃದಯ ಬಡಿತದ ನಡುವಿನ ಹೆಚ್ಚುವರಿ ಸದ್ದು): ಇವು ಒಟ್ಟಿಗೆ ಬಂದಾಗ ಮನೆಯಲ್ಲಿ ಉಳಿದ ಆ್ಯಂಟಿಬಯೋಟಿಕ್ ಕೊಡಲೇಬೇಡಿ, ಕೀಲುನೋವೆಂದು ಸ್ಟೀರಾಯ್ಡ್ ಅಂತೂ ಬೇಡವೇ ಬೇಡ. ರಕ್ತದಲ್ಲಿನ ಬ್ಯಾಕ್ಟೀರಿಯಾವನ್ನು ಬಾಟಲಿಯಲ್ಲಿ ಬೆಳೆಸಿ ಗುರುತಿಸುವ ಬ್ಲಡ್ ಕಲ್ಚರ್‌ಗೆ ಬೇರೆ ಬೇರೆ ರಕ್ತನಾಳಗಳಿಂದ ಮೂರು ಸಲ, ಅರ್ಧದಿಂದ ಒಂದು ಗಂಟೆ ಬಿಟ್ಟು, ದೊಡ್ಡ ನಾಯಿಯಾದರೆ ಪ್ರತಿ ಸಲ 5ರಿಂದ 10 ಮಿ.ಲೀ. ರಕ್ತ ಬೇಕು. ಮಾತ್ರೆ ಮೊದಲೇ ಹೊಟ್ಟೆ ಸೇರಿದ್ದರೆ ಬಾಟಲಿಯಲ್ಲಿ ಏನೂ ಬೆಳೆಯದೆ ಹೋಗಬಹುದು. ಬಾರ್ಟೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹೇಗೂ ಸಾಮಾನ್ಯ ಕಲ್ಚರ್‌ಗೆ ಸಿಗುವುದು ಅಪರೂಪ, ಅದಕ್ಕೆ ಅದರ ಡಿಎನ್ಎ ಹುಡುಕುವ ಪಿಸಿಆರ್, ಆ್ಯಂಟಿಬಾಡಿ ಪರೀಕ್ಷೆ ಮಾಡಿಸಬೇಕು. (ಚಿಕ್ಕ ತಳಿಯ ವಯಸ್ಸಾದ ನಾಯಿಯ ಮರ್ಮರ್ ಬಹುಪಾಲು ಕವಾಟ ಸವೆದದ್ದರಿಂದ. ಅದಕ್ಕೆ ಆ್ಯಂಟಿಬಯೋಟಿಕ್ ಕೇಳಬೇಡಿ.)

ಸೋಂಕು ಪೂರ್ತಿ ಹೋದರೂ ಹರಿದ ಕವಾಟ ಕೂಡಿಕೊಳ್ಳುವುದಿಲ್ಲ. ರಕ್ತ ಹಿಂದಕ್ಕೆ ಸೋರುತ್ತದೆ, ಹೃದಯದ ಎಡಭಾಗದಲ್ಲಿ ಒತ್ತಡ ಏರಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಅಯೋರ್ಟಿಕ್ ಕವಾಟ ಸೋರತೊಡಗಿದರೆ ಇದು ಬೇಗ ಬರುತ್ತದೆ, ಉಳಿಯುವ ಭರವಸೆ ಕಡಿಮೆ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮನೆಯಲ್ಲಿ ಮಾಡಬೇಕಾದ್ದು ಉಸಿರು ಎಣಿಸುವುದು. ನಾಯಿ ಗಾಢ ನಿದ್ದೆಯಲ್ಲಿರಬೇಕು, ಎದೆ ಏರಿ ಇಳಿದರೆ ಒಂದು. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ನಾಲಿಗೆ ಚಾಚಿ ಏದುವಾಗಿನ ಎಣಿಕೆ ಲೆಕ್ಕಕ್ಕಿಲ್ಲ. ನಿಮಿಷಕ್ಕೆ 30 ದಾಟಿ, ಸ್ವಲ್ಪ ಬಿಟ್ಟು ಎಣಿಸಿದರೂ ಹಾಗೇ ಇದ್ದರೆ ಬೆಳಗಿನವರೆಗೆ ಕಾಯಬೇಡಿ. ಹಾಗೆಂದು ಮೂತ್ರ ಹೆಚ್ಚಿಸಿ ನೀರು ಇಳಿಸುವ ಫ್ಯೂರೋಸೆಮೈಡ್ ಅನ್ನು ನೀವೇ ಹೆಚ್ಚಿಸುವುದೂ ಬೇಡ, ಜೆಂಟಾಮೈಸಿನ್ ಎಂಬ ಆ್ಯಂಟಿಬಯೋಟಿಕ್ ಜೊತೆ ಅದು ಸೇರಿದರೆ ಮೂತ್ರಪಿಂಡಕ್ಕೆ ಪೆಟ್ಟು.

ಕೋರ್ಸ್ ಮುಗಿದು ಒಂದೆರಡು ವಾರಕ್ಕೆ ಮತ್ತೊಮ್ಮೆ ಕಲ್ಚರ್, ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ. ನಾಯಿ ಎಷ್ಟೇ ಚೂಟಿಯಾಗಿ ಕಂಡರೂ ಸರಿಯೇ.