ಮೂಗಿನ ಅಳತೆಯಿಂದ ಬುದ್ಧಿಯ ಅಳತೆಗೆ

ಬುದ್ಧಿಪರೀಕ್ಷೆ ಹುಟ್ಟುವ ಮೊದಲೇ ಕೊಡಗಿನಲ್ಲಿ ಮನುಷ್ಯರನ್ನು ಅಳೆದು ಅಂಕಿಗೆ ಇಳಿಸಿದ್ದಾಗಿತ್ತು. 1901ರಲ್ಲಿ ಭೂವಿಜ್ಞಾನಿ ಥಾಮಸ್ ಹಾಲೆಂಡ್ ಕೊಡವರ ಮತ್ತು ಅಲ್ಲಿನ ಬುಡಕಟ್ಟಿನವರಾದ ಯರವರ ದೇಹದ ಅಳತೆಗಳನ್ನು ಎದುರುಬದುರಿಟ್ಟು ಪ್ರಕಟಿಸಿದರು. ಆ ವರ್ಷದ ಜನಗಣತಿಯ ಮುಖ್ಯಸ್ಥ ಹರ್ಬರ್ಟ್ ರಿಸ್ಲಿ ಕೊಡವರನ್ನು ಮರಾಠಿ ಬ್ರಾಹ್ಮಣರು, ಕುಣಬಿಗಳ ಜೊತೆ ‘ಸಿಥೋ-ದ್ರಾವಿಡ’ (ಶಕ-ದ್ರಾವಿಡ ಮಿಶ್ರಣ) ಎಂಬ ಗುಂಪಿಗೆ ಹಾಕಿದರು. ರಿಸ್ಲಿಗೆ ನೆಚ್ಚಿನದು ನಾಸಿಕ ಸೂಚ್ಯಂಕ: ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ 100ರಿಂದ ಗುಣಿಸುವುದು. ಮೂಗು ಅಗಲವಾದಷ್ಟೂ ಜಾತಿ ಕೆಳಗೆ ಎಂಬುದು ಅವರ ವಾದ. ಯರವರನ್ನು ಜೀತದಲ್ಲಿಟ್ಟದ್ದು ಜಮೀನಿನ ಒಡೆತನವೇ ಹೊರತು ಮೂಗಲ್ಲ. ಆ ಲೆಕ್ಕಕ್ಕೆ ಇಲ್ಲಿ ಕಾಲಂ ಇರಲಿಲ್ಲ.

1905ರಲ್ಲಿ ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೊನ್ ಪರೀಕ್ಷೆ ರೂಪಿಸಿದ್ದು ಶಾಲೆಯಲ್ಲಿ ನೆರವು ಬೇಕಾದ ಮಕ್ಕಳನ್ನು ಗುರುತಿಸಲು. ಬುದ್ಧಿ ಹುಟ್ಟಿನಿಂದ ನಿಗದಿಯಾದದ್ದು ಎಂಬುದನ್ನು ಬಿನೆ ಒಪ್ಪಿರಲಿಲ್ಲ. ಅಮೆರಿಕದಲ್ಲಿ ಅದು ಬೇರೆಯೇ ಆಯಿತು. ಮಾನಸಿಕ ವಯಸ್ಸನ್ನು, ಅಂದರೆ ಮಗು ಯಾವ ವಯಸ್ಸಿನ ಮಟ್ಟದ ಪ್ರಶ್ನೆಗಳಿಗೆ ಉತ್ತರಿಸಬಲ್ಲದೋ ಅದನ್ನು, ನಿಜ ವಯಸ್ಸಿನಿಂದ ಭಾಗಿಸಿ 100ರಿಂದ ಗುಣಿಸಿದರೆ ಐಕ್ಯೂ. ಮತ್ತೆ ಅದೇ ಭಾಗಾಕಾರ! ಮೊದಲ ಮಹಾಯುದ್ಧದಲ್ಲಿ 17 ಲಕ್ಷಕ್ಕೂ ಹೆಚ್ಚು ಸೈನಿಕರಿಗೆ ಪರೀಕ್ಷೆ ನಡೆಯಿತು. ಅಮೆರಿಕದಲ್ಲಿ ಹೆಚ್ಚು ವರ್ಷ ಬಾಳಿದ ವಲಸಿಗರಿಗೆ ಅಂಕ ಹೆಚ್ಚು ಬಂದಿತ್ತು. ಅಲ್ಲಿನ ಭಾಷೆ, ಬದುಕಿನ ಪರಿಚಯ ಹೆಚ್ಚಿದ್ದೇ ಕಾರಣ ಎನ್ನಬಹುದಿತ್ತು. ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಗ್ಹ್ಯಾಮ್ 1923ರಲ್ಲಿ ಅದನ್ನೇ, ಈಚೆಗೆ ಬರುವ ಜನಾಂಗಗಳು ಕೀಳು ಎನ್ನಲು ಬಳಸಿದರು. 1930ರಲ್ಲಿ ಆ ತೀರ್ಮಾನಗಳನ್ನು ತಾವೇ ಹಿಂತೆಗೆದುಕೊಂಡರು.

ನಮ್ಮ ಕಡೆಗೆ ಪರೀಕ್ಷೆ ಬಂದದ್ದು ಧಾರವಾಡದ ಮೂಲಕ. 1930ರ ದಶಕದಲ್ಲಿ ವಿ. ವಿ. ಕಾಮತ್ ಅದನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. ಬಿನೆ-ಕಾಮತ್ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. 3ರಿಂದ 10ನೇ ವಯಸ್ಸಿನವರೆಗೆ ವರ್ಷಕ್ಕೆ ಆರು ಪ್ರಶ್ನೆ, ಸರಿಯಾದ ಒಂದೊಂದಕ್ಕೆ ಎರಡು ತಿಂಗಳ ಮಾನಸಿಕ ವಯಸ್ಸು. ಎಂಟು ವರ್ಷದ, ಅಂದರೆ 96 ತಿಂಗಳ ಮಗುವನ್ನು ತೆಗೆದುಕೊಳ್ಳಿ. ಐದನೇ ವರ್ಷದ ಮಟ್ಟದವರೆಗೆ ಎಲ್ಲವೂ ಸರಿ: 60 ತಿಂಗಳು. ಮೇಲಿನ ಮಟ್ಟಗಳಲ್ಲಿ ನಾಲ್ಕು ಸರಿ: 8 ತಿಂಗಳು. 68ನ್ನು 96ರಿಂದ ಭಾಗಿಸಿದರೆ ಐಕ್ಯೂ 71. ಒಂದು ಉತ್ತರ ಕಡಿಮೆಯಾದರೆ 69. ಬೌದ್ಧಿಕ ಅಸಾಮರ್ಥ್ಯದ ಗೆರೆ ಇರುವುದು 70ರಲ್ಲಿ.

ಆ ಒಂದು ಉತ್ತರ ಏಕೆ ತಪ್ಪಬಹುದು? ಮನೆಯಲ್ಲಿ ಯರವ ಭಾಷೆಯಾಡುವ ಮಗುವಿಗೆ ಪ್ರಶ್ನೆ ಕನ್ನಡದಲ್ಲಿ. ಕಾಫಿ ಕುಯ್ಲಿನ ಹೊತ್ತಿಗೆ ಒಂದು ಲೈನ್ ಮನೆಯಿಂದ (ತೋಟದ ಕೂಲಿಗಳ ಸಾಲುಮನೆ) ಇನ್ನೊಂದಕ್ಕೆ ಹೋಗುವ ಕುಟುಂಬವಾದರೆ ಶಾಲೆಯೂ ತಪ್ಪಿರುತ್ತದೆ. ಅದಕ್ಕೆಂದೇ ಮಾತಿಲ್ಲದ ಪರೀಕ್ಷೆಗಳಿವೆ. 1955ರಲ್ಲಿ ಪ್ರಕಟವಾದ ಭಾಟಿಯಾ ಬ್ಯಾಟರಿಯಲ್ಲಿ ಬಣ್ಣದ ಘನಗಳನ್ನು ಜೋಡಿಸಬೇಕು. ಆದರೆ ಅಂಥ ಘನಗಳನ್ನು ಮುಟ್ಟಿಯೇ ನೋಡದ ಮಗು ಗಡಿಯಾರದ ಮುಂದೆ ನಿಧಾನಿಸುತ್ತದೆ, ಅಂಕ ಇಳಿಯುತ್ತದೆ.

ಹಳೆಯ ಮಾನಕ, ಅಂದರೆ ಅಂಕವನ್ನು ಹೋಲಿಸಿ ನೋಡುವ ಹಿಂದಿನ ಸರಾಸರಿ, ಇದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ ಎಳೆಯುತ್ತದೆ. ಅಮೆರಿಕದಲ್ಲಿ ಸರಾಸರಿ ಅಂಕ ದಶಕಕ್ಕೆ ಸುಮಾರು 3ರಂತೆ ಏರಿದ್ದನ್ನು ಜೇಮ್ಸ್ ಫ್ಲಿನ್ 1984ರಲ್ಲಿ ತೋರಿಸಿದರು. ಇಲ್ಲೂ ಹಾಗೆ ಏರಿದ್ದರೆ, ಅಜ್ಜಂದಿರ ಕಾಲದ ಸರಾಸರಿಗೆ ಹೋಲಿಸಿದಾಗ ಇಂದಿನ ಮಗುವಿನ ಅಂಕ ಉಬ್ಬುತ್ತದೆ, ನೆರವು ಬೇಕಾದವರು ಗೆರೆ ದಾಟಿಬಿಡುತ್ತಾರೆ. ಎರಡು ತಪ್ಪುಗಳು ಒಂದನ್ನೊಂದು ಸರಿದೂಗಿಸುತ್ತವೆ ಎಂದುಕೊಳ್ಳಬೇಡಿ. ಯಾವ ಮಗುವಿಗೆ ಯಾವುದು ಎಷ್ಟು ತಗುಲಿತು ಎಂಬುದು ಅಂಕಿಯಲ್ಲಿ ಕಾಣುವುದಿಲ್ಲ. ವರದಿ ಕೈಗೆ ಬಂದಾಗ ಮೂರನ್ನು ಕೇಳಿ: ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯಿತು, ಮಾನಕ ಯಾವ ವರ್ಷದ್ದು, ಊಟ-ಉಡುಗೆ-ಓಡಾಟದಂಥ ದಿನನಿತ್ಯದ ಸಾಮರ್ಥ್ಯವನ್ನು ಬೇರೆಯಾಗಿ ನೋಡಿದರೇ?