ಒಡೆಯುವುದೇ ಅದರ ಕೆಲಸ

"ಡೂಪ್ಲಿಕೇಟ್ ಮಾಲು ಸಾರ್, ಒಂದೇ ಸಲಕ್ಕೆ ಒಡೆದುಹೋಯ್ತು!"

ನಮ್ಮ ಪಕ್ಕದ ತೋಟದವರು ಮಗನ ಸೈಕಲ್ ಹೆಲ್ಮೆಟ್ ತಂದು ತೋರಿಸಿದರು. ಕಾಫಿ ಒಣಗಿಸುವ ಸಿಮೆಂಟ್ ಕಣದಲ್ಲಿ ಹುಡುಗ ಮಗುಚಿ ಬಿದ್ದಿದ್ದ. ಹೆಲ್ಮೆಟ್ಟಿನ ಥರ್ಮಾಕೋಲ್ ಬಿರುಕು ಬಿಟ್ಟು ಒಂದು ಕಡೆ ಚಪ್ಪಟೆಯಾಗಿತ್ತು. ಹುಡುಗನಿಗೆ ಮೊಣಕೈ ತರಚಿತ್ತು, ಅಷ್ಟೇ. ಅಂಗಡಿಯವನ ಜೊತೆ ಜಗಳಕ್ಕೆ ಹೊರಟವರನ್ನು ಕೂರಿಸಿ ಕಾಫಿ ಕೊಟ್ಟೆ.

"ಕಣದೊಳಗೆ ಮೆಲ್ಲಗೆ ಹೊಡೀತಾನೆ. ಇದೇನು ಮಡಿಕೇರಿ ಇಳಿಜಾರಾ?" ಎಂದರು.

ಹೆಚ್ಚಿನವರು ಎಡವುವುದು ಇಲ್ಲೇ. ಸೈಕಲ್ ನಿಂತೇ ಇದೆ ಅಂದುಕೊಳ್ಳಿ. ಮೇಲೆ ಕೂತ ಹುಡುಗನ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಅಲ್ಲಿಂದ ಬಿದ್ದರೆ ನೆಲ ಮುಟ್ಟುವಾಗ ವೇಗ ಗಂಟೆಗೆ 19 ಕಿ.ಮೀ.ಗೂ ಜಾಸ್ತಿ. ಭೂಮಿಯ ಸೆಳೆತಕ್ಕೆ ಕಣ ಯಾವುದು, ಘಾಟಿ ಯಾವುದು ಗೊತ್ತಾಗುವುದಿಲ್ಲ.

ಈ ವೇಗ ಎಷ್ಟು ಜಾಗದಲ್ಲಿ ಸೊನ್ನೆಯಾಗುತ್ತದೆ ಅನ್ನುವುದೇ ಮುಖ್ಯ. ಬರಿತಲೆ ಸಿಮೆಂಟಿಗೆ ಬಡಿದು 5 ಮಿಲಿಮೀಟರಿನಲ್ಲಿ ನಿಂತರೆ, ಗುರುತ್ವದ 300 ಪಟ್ಟು ಹೊಡೆತ. ಬಿದ್ದ ಎತ್ತರ 1500 ಮಿಲಿಮೀಟರನ್ನು ನಿಂತ ದೂರ 5ರಿಂದ ಭಾಗಿಸಿ, ಲೆಕ್ಕ ಅಷ್ಟೇ. ನಡುವೆ ಥರ್ಮಾಕೋಲ್ ಎರಡು ಸೆಂಟಿಮೀಟರ್ ಜಜ್ಜಿಹೋದರೆ? 75 ಪಟ್ಟು.

ಹಣ್ಣಾದ ಹಲಸು ಕಣಕ್ಕೆ ಬಿದ್ದರೆ ಒಡೆದು ಚೂರು. ಕಾಫಿ ಗಿಡದ ಬುಡದ ತರಗೆಲೆ ರಾಶಿಗೆ ಬಿದ್ದರೆ ಉಳಿದರೂ ಉಳಿಯಿತು. ಕೊಡಗಿನವರಿಗೆ ಹಾಕಿ ಆಟದ ಉದಾಹರಣೆ ಹೇಳಿದರೆ ಬೇಗ ತಿಳಿಯುತ್ತದೆ. ಸ್ಟಿಕ್ಕನ್ನು ಬಿಗಿಯಾಗಿ ಹಿಡಿದರೆ ಬಂದ ಚೆಂಡು ಪುಟಿದು ಓಡುತ್ತದೆ. ಚೂರು ಹಿಂದಕ್ಕೆ ಬಿಟ್ಟುಕೊಟ್ಟರೆ ಕಾಲ ಬುಡದಲ್ಲೇ ನಿಲ್ಲುತ್ತದೆ, ಅಲ್ವಾ? ಥರ್ಮಾಕೋಲ್ ಹೀಗೆಯೇ ಬಿಟ್ಟುಕೊಡುತ್ತದೆ. ಮತ್ತೆ ರಬ್ಬರ್ ಯಾಕಾಗದು? ರಬ್ಬರ್ ಅಮುಕಿಸಿಕೊಂಡದ್ದನ್ನು ತಿರುಗಿ ತಳ್ಳುತ್ತದೆ. ಥರ್ಮಾಕೋಲಿನ ಗಾಳಿಗುಳ್ಳೆಗಳು ಒಡೆದು, ಹೊಡೆತದ ಶಕ್ತಿಯನ್ನು ಅಲ್ಲೇ ತಿಂದುಬಿಡುತ್ತವೆ.

ಹೆಲ್ಮೆಟ್ಟಿನ ಕಥೆಯಲ್ಲೂ ಸೈಕಲ್ ಹುಡುಗರಿದ್ದಾರೆ. 1935ರ ಮೇ ತಿಂಗಳು, ಇಂಗ್ಲೆಂಡ್. 'ಲಾರೆನ್ಸ್ ಆಫ್ ಅರೇಬಿಯಾ' ಎಂದು ಹೆಸರಾದ ಬ್ರಿಟಿಷ್ ಸೇನಾಧಿಕಾರಿ ಟಿ. ಇ. ಲಾರೆನ್ಸ್ ಬೈಕಿನಲ್ಲಿ ಬರುತ್ತಿದ್ದಾಗ ಮುಂದೆ ಸೈಕಲ್ ಮೇಲೆ ಇಬ್ಬರು ಹುಡುಗರು. ಅವರನ್ನು ತಪ್ಪಿಸಲು ಹೋಗಿ ಬಿದ್ದ. ತಲೆಗೆ ಏನೂ ಹಾಕಿರಲಿಲ್ಲ. ಆರು ದಿನಕ್ಕೆ ತೀರಿಕೊಂಡ. ಅವನನ್ನು ನೋಡಿದ ವೈದ್ಯರಲ್ಲಿ ಒಬ್ಬರು ಮಿದುಳು ತಜ್ಞ ಹ್ಯೂ ಕೇರ್ನ್ಸ್. ಸೇನೆಯ ಬೈಕ್ ಸವಾರರ ತಲೆಪೆಟ್ಟುಗಳನ್ನು ಅಧ್ಯಯನ ಮಾಡಿ, ಹೆಲ್ಮೆಟ್ ಜೀವ ಉಳಿಸುತ್ತದೆ ಎಂದು ಅವರು ಬರೆದದ್ದು 1941ರಲ್ಲಿ.

ನಮ್ಮಲ್ಲಿ ಇನ್ನೂ ಗಾಯಕ್ಕೆ ಕಾಫಿಪುಡಿ ಮೆತ್ತುವುದು ನಿಂತಿಲ್ಲ. ಕಾಫಿ ನಾಡು ನಿಜ, ಆದರೆ ಅದು ಲೋಟದಲ್ಲಿರಲಿ. ಗಾಯಕ್ಕೆ ಹಾಕಿದರೆ ಕೊಳೆ ಸೇರುತ್ತದೆ, ವೈದ್ಯರು ಮೊದಲು ಅದನ್ನು ತೊಳೆಯುತ್ತಾ ಕೂರಬೇಕು. ಇದಕ್ಕಿಂತ ಭಯ ಹುಟ್ಟಿಸುವ ಮಾತು ಇನ್ನೊಂದಿದೆ: "ಹೊರಗೆ ಊದಿಕೊಂಡಿತಲ್ಲ, ಹಾಗಾದರೆ ಒಳಗೆ ಏನೂ ಆಗಿಲ್ಲ." ಊತ ತಲೆಬುರುಡೆಯ ಹೊರಗಿನದು. ಒಳಗಿನ ಸಮಾಚಾರ ಅದಕ್ಕೇನು ಗೊತ್ತು? ಬುರುಡೆಯ ಒಳಗೆ ರಕ್ತನಾಳ ಹರಿದಿದ್ದರೂ ಮಗು ಕೆಲವು ಗಂಟೆ ಆಡಿಕೊಂಡೇ ಇರಬಹುದು. ಆಮೇಲೆ ಮಂಪರು. ಮತ್ತೆ ಮತ್ತೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಸರಿಯಾಗಿ ಏಳದಿರುವುದು, ಫಿಟ್ಸ್, ಕಿವಿ ಅಥವಾ ಮೂಗಿನಿಂದ ನೀರಿನಂಥ ದ್ರವ: ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆ. ನಮ್ಮ ತೋಟಗಳಿಂದ ಆಸ್ಪತ್ರೆ ದೂರ, ಮಳೆಗಾಲದಲ್ಲಿ ಇನ್ನೂ ದೂರ. ಬೆಳಿಗ್ಗೆ ನೋಡೋಣ ಅನ್ನುವಂತಿಲ್ಲ.

ಪಕ್ಕದ ತೋಟದವರು ಎಲ್ಲ ಕೇಳಿ, "ಸರಿ, ಫೆವಿಕಾಲ್ ಹಾಕಿ ಅಂಟಿಸಲಾ?" ಎಂದರು. ಒಡೆದ ಗುಳ್ಳೆಗಳು ಮತ್ತೆ ಉಬ್ಬುವುದಿಲ್ಲ, ಹೊಸದೇ ಬೇಕು ಎಂದೆ. ಗೊಣಗುತ್ತಲೇ ಹೊಸದು ತಂದರು. ಹಳೆಯದರಲ್ಲಿ ಈಗ ಅವರ ಮನೆಯವರು ಕಿತ್ತಳೆ ಹಾಕಿಡುತ್ತಾರೆ. ತೂತುಗಳಿರುವುದರಿಂದ ಹಣ್ಣು ಬೇಗ ಕೊಳೆಯುವುದಿಲ್ಲವಂತೆ.